ಮಠದ ಟ್ರಕ್ಕಿಗೆ ಹೊಸ ಫಿಲ್ಟರು

ಹೊಳೆಯ ದಂಡೆಯಲ್ಲೊಂದು ಮಠ. ಮಠಕ್ಕೊಂದು ಟ್ರಕ್ಕು.

ಮಠಕ್ಕೆ ಟ್ರಕ್ಕು ಯಾಕೆ ಎಂದು ಮೂಗು ಮುರಿಯುವವರು ಒಮ್ಮೆ ಹಿಂದಿನ ಗುಡ್ಡ ಹತ್ತಿ ಬರಬೇಕು. ಗುಡ್ಡದ ನೆತ್ತಿಯಲ್ಲಿ ಕಲ್ಲಿನ ಕ್ವಾರಿ. ಕ್ವಾರಿಯ ಆಚೆ ತಗಡಿನ ಶೆಡ್ಡುಗಳು. ಕಲ್ಲು ಒಡೆಯುವವರು ಹೆಂಡತಿ ಮಕ್ಕಳ ಸಮೇತ ಅಲ್ಲೇ ಇರುತ್ತಾರೆ. ಅವರ ಮಧ್ಯಾಹ್ನದ ಊಟ ಮಠದಿಂದ ಹೋಗುತ್ತದೆ. ರೊಟ್ಟಿ, ಪಲ್ಯ, ಅನ್ನ, ಸಾರು. ಅದನ್ನು ತಲೆಯ ಮೇಲೆ ಹೊತ್ತು ಒಂದು ದಿನ ಹತ್ತಿ ನೋಡಿ, ಆಮೇಲೆ ಮಾತಾಡೋಣ.

ಟ್ರಕ್ಕು ಭಕ್ತರು ಕೊಡಿಸಿದ್ದು. ಹೊಸದು. ವಾರಂಟಿ ಇನ್ನೂ ಮುಗಿದಿರಲಿಲ್ಲ.

ಅದನ್ನು ಓಡಿಸುವವನು ದುರಗಪ್ಪ. ಹುಟ್ಟಿದ್ದು ಅದೇ ಶೆಡ್ಡಿನಲ್ಲಿ. ಅಪ್ಪ ಅವ್ವ ಹೋದ ಮೇಲೆ ಮಠದಲ್ಲಿ ಬೆಳೆದ, ಅಲ್ಲೇ ಶಿಷ್ಯನಾದ. ಅವನಿಗೆ ಅಕ್ಷರ ಕಲಿಸಿದವರು, ಉಣಿಸಿದವರು, ಬೈದವರು ಎಲ್ಲ ಒಬ್ಬರೇ, ಮಠದ ಘನಲಿಂಗಜ್ಜ.

ದುರಗಪ್ಪ ಒಳ್ಳೆಯವನು, ಆದರೆ ಹಟಮಾರಿ. ತಲೆಗೆ ಏನಾದರೂ ಹೊಕ್ಕಿತೆಂದರೆ ಅದು ಆಗುವ ತನಕ ಊಟ ನಿದ್ದೆ ಎರಡೂ ರುಚಿಸುತ್ತಿರಲಿಲ್ಲ.

ಒಂದು ಸಂಜೆ ಅಜ್ಜ ಹೊಳೆಯ ಮೆಟ್ಟಿಲ ಮೇಲೆ ಕಾಲು ಇಳಿಬಿಟ್ಟು ಕೂತಿದ್ದರು. ದುರಗಪ್ಪ ಬಂದು ಎರಡು ಮೆಟ್ಟಿಲು ಕೆಳಗೆ ಕೂತ.

"ಅಜ್ಜಾರ, ಒಂದು ಮಾತ ಕೇಳ್ಬೇಕಿತ್ತು."

"ಕೇಳಪಾ."

"ಗಾಡಿಗೆ ಹೊಸಾ ಏರ್ ಫಿಲ್ಟರ್ ಹಾಕ್ಸಬೇಕಂತ ಮಾಡೀನ್ರಿ. ಇಂಜಿನ್ನು ಗಾಳಿ ಎಳಕೊಳ್ಳತೈತಲ್ರಿ, ಆ ಜಾಗಕ್ಕ."

"ಈಗ ಇದ್ದದ್ದಕ್ಕ ಏನಾಗೇತಿ?"

"ಏನೂ ಆಗಿಲ್ರಿ."

"ಮತ್ಯಾಕ?"

"ಅದು ಮುಚ್ಚಿದ ಡಬ್ಬಿಯೊಳಗ ಐತ್ರಿ. ಇಂಜಿನ್ನಿಗೆ ಗಾಳಿ ಸಾಲಂಗಿಲ್ಲ. ಪ್ಯಾಟ್ಯಾಗ ಇಮಾಮಸಾಬ ಅಂತ ಮೆಕ್ಯಾನಿಕ್ ಅದಾನ. ಅವ ತೆರೆದ ಬಾಯಿದು ಒಂದು ಫಿಲ್ಟರ್ ಹಾಕಿ ಕೊಡ್ತಾನ. ಡಬ್ಬಿ ತಗದು, ಪೈಪು ಕೊಯ್ದು, ಅಲ್ಲಿ ಅದನ್ನ ಕೂಡಿಸೋದು. ಗಾಳಿ ಜಾಸ್ತಿ ಹೋತಂದ್ರ ಗಾಡಿ ಏರಿನ್ಯಾಗ ಜಿಗಿತೈತಿ ಅಂತಾನ."

"ಬ್ಯಾರೆ ಯಾರರ ಹಾಕ್ಸ್ಯಾರೇನು?"

"ಟಿಪ್ಪರ್‌ನವ ಒಬ್ಬ ಹಾಕ್ಸ್ಯಾನ್ರಿ."

"ಅವನ ಗಾಡಿ ಜಿಗಿತೈತೇನು?"

ದುರಗಪ್ಪ ತಲೆ ಕೆರೆದುಕೊಂಡ. "ಸದ್ದು ಬಾಳ ಚೊಲೋ ಬರತೈತಿ ಅಂದ್ರಿ."

ಅಜ್ಜ ನಕ್ಕರು. ದುರಗಪ್ಪನಿಗೆ ನಗು ಬರಲಿಲ್ಲ.

"ಗಾಡಿ ಮಾರಿದೋರಿಗೆ ಕೇಳಿದಿ?"

"ಕೇಳೀನ್ರಿ. ನಮ್ಮ ಸಾಮಾನ ತಗದು ಹೊರಗಿನ ಸಾಮಾನ ಹಾಕಿ, ಅದರಿಂದ ಇಂಜಿನ್ ಕೆಟ್ರ, ವಾರಂಟಿಯೊಳಗ ರಿಪೇರಿ ಮಾಡಿಕೊಡಂಗಿಲ್ಲ ಅಂದ್ರು."

"ಕೆಟ್ಟದ್ದು ಅದರಿಂದನೋ, ಮತ್ತೊಂದರಿಂದನೋ ಅಂತ ಯಾರು ಹೇಳೋರು?"

"ಅವರ ಹೇಳ್ತಾರ್ರಿ. ಅವರು ಒಂದು ಅಂತಾರ, ನಾವು ಒಂದು ಅಂತೀವಿ."

"ಹಂಗ ನೀ ಅವರ ಜೋಡಿ ವಾದಾ ಮಾಡ್ಕೊಂತ ನಿಂತಾಗ ಗಾಡಿ ಎಲ್ಲಿ ನಿಂತಿರತೈತಿ?"

"ಅವರ ಅಂಗಳದಾಗ್ರಿ."

"ಗುಡ್ಡದ ಮ್ಯಾಲಿನ ಊಟ?"

ದುರಗಪ್ಪ ನೀರು ನೋಡಿದ. ಬೇರೆ ಯಾರಾದರೂ ಆಗಿದ್ದರೆ ಇಷ್ಟಕ್ಕೇ ಎದ್ದು ಹೋಗುತ್ತಿದ್ದರು. ಇವನು ಎದ್ದು ಹೋಗುವವನಲ್ಲ.

"ಅಜ್ಜಾರ, ನೀವು ಮ್ಯಾಲೆ ಬಂದು ನೋಡಿಲ್ಲ. ಅದಕ್ಕ ಹಿಂಗಂತೀರಿ."

"ನೀ ನೋಡಿ ಬಂದೀಯಲ್ಲ. ಹೇಳು."

ಅವನು ಹೇಳಿದ.

ಕ್ವಾರಿಯಲ್ಲಿ ಮಧ್ಯಾಹ್ನ ಬಂಡೆ ಸಿಡಿಸುತ್ತಾರೆ. ಅದಕ್ಕೆ ಮೊದಲು ರಸ್ತೆಗೆ ಮೇಲೊಂದು ಕೆಳಗೊಂದು ಹಗ್ಗ ಕಟ್ಟಿ ಕೆಂಪು ಬಾವುಟ ಏರಿಸುತ್ತಾರೆ. ಬಾವುಟ ಏರಿತೆಂದರೆ ಯಾವ ಗಾಡಿಯೂ ದಾಟುವಂತಿಲ್ಲ. ಮೊದಲೆಲ್ಲ ಟ್ರಕ್ಕು ಅದಕ್ಕಿಂತ ಮುಂಚೆಯೇ ಶೆಡ್ಡು ಸೇರುತ್ತಿತ್ತು. ಈಗೀಗ ಕೊನೆಯ ತಿರುವಿಗೆ ಬರುವಷ್ಟರಲ್ಲಿ ಕಣ್ಣೆದುರೇ ಬಾವುಟ ಏರುತ್ತದೆ. ಬಂಡೆ ಸಿಡಿದು, ಧೂಳು ಕೂತು, ಹಗ್ಗ ಬಿಚ್ಚುವಷ್ಟರಲ್ಲಿ ಕೆಲಸದವರ ಊಟದ ಬಿಡುವು ಮುಗಿದಿರುತ್ತದೆ. ಎಷ್ಟೋ ಜನ ಉಣ್ಣದೇ ಸುತ್ತಿಗೆ ಹಿಡಿಯುತ್ತಾರೆ.

"ಅದನ್ನರ ತಡಕೊಂತೀನ್ರಿ. ದೊಡ್ಡೋರು ತಡಕೊಂತಾರ. ಸಣ್ಣ ಹುಡುಗ್ರು ತಡಕೊಳ್ಳಂಗಿಲ್ಲ. ಮ್ಯಾಲಿಂದ ಅವಕ್ಕ ನಮ್ಮ ಗಾಡಿ ಕಾಣತೈತಿ. ನಿನ್ನಿ ಹುಲಿಗೆವ್ವ ಅನ್ನೋ ಹುಡುಗಿ ಹಗ್ಗದ ಬುಡಕ ನುಸುಳಿ ಗಾಡಿ ಕಡೆ ಓಡಿ ಬಂತು. ಕಲ್ಲು ಸಿಡಿಯೋ ಜಾಗಾ ದಾಟಿ ಬರ್ಬೇಕು ಅದು. ಕಾವಲಿನವ ಓಡಿ ಹೋಗಿ ಎತ್ತಿಕೊಂಡು ಬಂದ. ಅವ ಇರ್ಲಿಲ್ಲಂದ್ರ..."

ಮಾತು ಅಲ್ಲಿಗೇ ನಿಂತಿತು.

ಅಜ್ಜ ಕಾಲು ಮೇಲೆ ತೆಗೆದು, ಮೊಣಕಾಲು ನೀವಿಕೊಂಡರು.

"ಸ್ವಲ್ಪ ಹೊತ್ತು ಉಳಿದ್ರ ಸಾಕ್ರಿ ಅಜ್ಜಾರ. ಒಂದ ತಿರುವು ಮುಂದ ಇದ್ರ ಸಾಕು. ಆ ಫಿಲ್ಟರ್ ಅಷ್ಟು ಮಾಡ್ತಂದ್ರ ನನಗ ವಾರಂಟಿ ಬ್ಯಾಡ."

"ಮುಂಜಾನೆ ನೋಡೋಣು," ಎಂದರು ಅಜ್ಜ.

ಮುಂಜಾನೆ ಅವರು ದುರಗಪ್ಪನನ್ನು ಕರೆದುಕೊಂಡು ಮಠದ ಬಾಗಿಲಿಗೆ ಬಂದರು. ಕ್ವಾರಿಯ ಟಿಪ್ಪರುಗಳು ಹೋಗುವ ರಸ್ತೆ ಅದು. ಕೆಂಪು ಧೂಳು ಮೊಣಕಾಲು ಮುಟ್ಟುತ್ತದೆ ಅಂದರೆ ಸುಳ್ಳಲ್ಲ. ಆ ರಸ್ತೆಯಲ್ಲಿ ನಡೆಯುವವರೆಲ್ಲ ಮೂಗು ಬಾಯಿಗೆ ಟವೆಲು ಸುತ್ತಿಕೊಂಡೇ ನಡೆಯುತ್ತಾರೆ. ದುರಗಪ್ಪನೂ ಸುತ್ತಿಕೊಂಡಿದ್ದ.

ಒಂದು ಟಿಪ್ಪರು ಗುಡ್ಡದ ಕಡೆ ಹೊರಟಿತು.

ಅಜ್ಜ ಕೈ ಚಾಚಿ ಅವನ ಟವೆಲು ಬಿಚ್ಚಿಕೊಂಡರು.

"ಇದು ಗಾಳಿ ತಡಿತೈತಿ. ಈಗ ಬಾಯಿ ತಗದು, ದೊಡ್ಡ ಉಸರು ತಗೊಂಡು ಆ ಟಿಪ್ಪರ್ ಹಿಂದ ಓಡು. ಆ ಬೇವಿನ ಗಿಡದ ತನಕ ಹೋಗಿ ಬಾ."

"ಯಾಕ್ರಿ ಅಜ್ಜಾರ?"

"ಓಡು ಅಂದೆ."

ದುರಗಪ್ಪ ಓಡಿದ. ಧೂಳಿನ ಒಳಗೆ ಹೊಕ್ಕವನು ಕಾಣಿಸಲೇ ಇಲ್ಲ. ತಿರುಗಿ ಬಂದಾಗ ಕಣ್ಣು ಕೆಂಪಾಗಿದ್ದವು. ಕೆಮ್ಮಿ ಕೆಮ್ಮಿ ಬಾಗಿದ. ಉಗುಳಿದರೆ ಕೆಂಪು ರಾಡಿ ಬಂತು.

"ಗಾಳಿ ಜಾಸ್ತಿ ಸಿಕ್ತೇನು?"

ಅವನು ಹೌದೆಂದು ತಲೆಯಾಡಿಸಿದ. ಮಾತಾಡಲು ಆಗುತ್ತಿರಲಿಲ್ಲ.

"ಓಟ ಜಾಸ್ತಿ ಆತೇನು?"

ದುರಗಪ್ಪ ಗೋಡೆ ಹಿಡಿದು ನಿಂತ. ಅವ್ವನ ಕಡೆಯವರೆಲ್ಲ ಕಲ್ಲಿನ ಪುಡಿ ನುಂಗಿ ಕೆಮ್ಮಿ ಸತ್ತವರು. ಅಜ್ಜ ಏನು ಹೇಳುತ್ತಿದ್ದಾರೆಂದು ಅವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆದರೂ ಅವನು ದುರಗಪ್ಪನೇ.

"ಇಂಜಿನ್ ಕೆಮ್ಮಿದ್ರ ಕೆಮ್ಮಲ್ರಿ. ಕೆಟ್ರ ಕೆಡಲಿ. ಆ ಹುಡುಗಿ ಹಗ್ಗದ ಆಚೇನ ನಿಂತ್ರ ನನಗ ಸಾಕು. ಗಾಡಿ ಹೋದ್ರ ನಾ ತಲಿ ಮ್ಯಾಲ ಹೊರ್ತೀನಿ."

ಅಜ್ಜ ಅವನ ಮುಖವನ್ನೇ ನೋಡಿದರು. ಬೈಯಲಿಲ್ಲ. ತಮ್ಮ ಕಾವಿಯ ಸೆರಗಿನಿಂದ ಅವನ ಕಣ್ಣು ಒರೆಸಿದರು.

"ನಿನ್ನ ಹಟ ಚೊಲೋ ಐತಿ ದುರಗಪ್ಪ. ಅದನ್ನ ಎಲ್ಲಿ ಹಾಕಬೇಕೋ ಅಲ್ಲಿ ಹಾಕಿಲ್ಲ, ಅಷ್ಟ."

"ಎಲ್ಲಿ ಹಾಕಬೇಕ್ರಿ?"

"ನನಗೂ ಗೊತ್ತಿಲ್ಲ. ಇವತ್ತ ನಾನೂ ಗಾಡ್ಯಾಗ ಬರ್ತೀನಿ."

ದುರಗಪ್ಪ ಬೇಡ ಎನ್ನಲು ಬಾಯಿ ತೆರೆದ, ಆದರೆ ಅನ್ನಲಿಲ್ಲ.

ಮಠಕ್ಕೆ ಅಡುಗೆ ಮಾಡುವ ನೀಲವ್ವ ಬೇಗನೇ ಒಲೆ ಹಚ್ಚಿದ್ದಳು. ಬಿಸಿಲು ನೆತ್ತಿಗೆ ಏರುವ ಮೊದಲೇ ಬೋಗುಣಿಗಳು ಒಲೆಯಿಂದ ಕೆಳಗೆ ಬಂದವು. ದುರಗಪ್ಪ ಅವನ್ನು ಟ್ರಕ್ಕಿಗೆ ಏರಿಸಿ, ಮುಚ್ಚಳಕ್ಕೆ ಹಗ್ಗ ಬಿಗಿದು, ಕೀಲಿಕೈ ಹಿಡಿದುಕೊಂಡು ಚಕ್ರದ ಪಕ್ಕ ಕೂತ.

ದಿನವೂ ಹಾಗೇ. ಅಜ್ಜನ ಗುರುಗಳ ಸಮಾಧಿಯ ಗದ್ದಿಗೆ ಮಠದ ಹಿಂದೆ ಎತ್ತರದಲ್ಲಿದೆ. ಅಜ್ಜ ತಮ್ಮ ಪೂಜೆ ಮುಗಿಸಿ, ಮೆಟ್ಟಿಲು ಹತ್ತಿ ಹೋಗಿ, ಅಂದಿನ ಅಡುಗೆಯ ಮೊದಲ ಎಡೆಯನ್ನು ಆ ಗದ್ದಿಗೆಗೆ ಹಿಡಿಯಬೇಕು. ಅದಾದ ಮೇಲೇ ಒಂದು ಅಗುಳು ಮಠದಾಚೆ ಹೋಗುವುದು. ಆ ಎಡೆಯನ್ನು ಬೇರೆಯವರು ಹಿಡಿಯುವಂತಿಲ್ಲ. ಹಿಂದಿನಿಂದ ನಡೆದು ಬಂದ ಪದ್ಧತಿ.

ಅವತ್ತು ಅಜ್ಜ ಗಡಿಬಿಡಿ ಮಾಡಲಿಲ್ಲ. ಪೂಜೆಯಲ್ಲಿ ಗಡಿಬಿಡಿ ಅವರಿಗೆ ಗೊತ್ತೇ ಇಲ್ಲ. ಕೈ ನಡುಗುತ್ತಿದ್ದವು, ಬಿಲ್ವದ ಎಸಳು ಒಂದೊಂದಾಗಿ ಇಟ್ಟರು. ಮೆಟ್ಟಿಲಿಗೊಮ್ಮೆ ನಿಂತು, ಮೊಣಕಾಲು ಹಿಡಿದು, ಮತ್ತೆ ಹತ್ತಿದರು. ನೀಲವ್ವ ಎಡೆಯ ತಟ್ಟೆ ಹಿಡಿದು ಹಿಂದೆ ನಿಂತಿದ್ದಳು. ಕೆಳಗೆ ಬೋಗುಣಿಯ ಮುಚ್ಚಳದ ಮೇಲಿನ ಆವಿ ಆರಿ ನೀರಾಯಿತು.

ಗಂಟೆ ಬಾರಿಸಿದ್ದು ಕೇಳಿದ ಕೂಡಲೇ ದುರಗಪ್ಪ ಇಂಜಿನ್ ಚಾಲೂ ಮಾಡಿದ.

ಅಜ್ಜನನ್ನು ಎತ್ತಿ ಸೀಟಿನ ಮೇಲೆ ಕೂಡಿಸಬೇಕಾಯಿತು. ಕೂತವರು ಕಾಲ ಹತ್ತಿರದ ರಟ್ಟಿನ ಡಬ್ಬಿ ನೋಡಿದರು.

"ಇದೇನು?"

"ಫಿಲ್ಟರ್ ರೀ."

"ನನ್ನ ಕೇಳೂಕಿಂತ ಮೊದ್ಲ ತಂದಿದ್ದಿ."

"ಹಾಕೋದು ಬ್ಯಾಡಂದ್ರ ತಿರುಗಿ ಕೊಡು ಅಂದಾನ್ರಿ ಇಮಾಮಸಾಬ."

ಅಜ್ಜ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡರು.

ಟ್ರಕ್ಕು ಏರು ಹಿಡಿಯಿತು. ಮೊದಲ ತಿರುವು ಸಲೀಸು. ಎರಡನೆಯದಕ್ಕೆ ಗೇರು ಇಳಿಸಿದ, ಟ್ರಕ್ಕು ಗುಟುರು ಹಾಕಿ ಹತ್ತಿತು. ಮುಂದೆ ಹೋಗುತ್ತಿದ್ದ ಖಾಲಿ ಟಿಪ್ಪರನ್ನೂ ಹಿಂದೆ ಹಾಕಿತು. ಅಜ್ಜ ಕಿಟಕಿಗೆ ಕೈ ಹಿಡಿದು ಕೂತಿದ್ದರು. ಇಂಜಿನ್ನಿನ ಸದ್ದು ಕೇಳಿದರು, ರಸ್ತೆ ನೋಡಿದರು, ದುರಗಪ್ಪನ ಹಣೆಯ ಬೆವರೂ ನೋಡಿದರು.

ಕೊನೆಯ ತಿರುವು ಬಂತು. ಕಣ್ಣೆದುರೇ ಕೆಂಪು ಬಾವುಟ ಏರಿತು.

ಕಾವಲಿನವ ಹಗ್ಗ ಎಳೆದು ಕಟ್ಟಿ ಕೈ ಅಡ್ಡ ಹಿಡಿದ. ದುರಗಪ್ಪ ಬ್ರೇಕ್ ಒತ್ತಿ ಇಂಜಿನ್ ಆರಿಸಿದ. ಕ್ವಾರಿಯ ಸೀಟಿ ಕೂಗತೊಡಗಿತು.

ಮೇಲಿನ ಹಗ್ಗದ ಹತ್ತಿರ ಮಕ್ಕಳ ಗುಂಪು. ಟ್ರಕ್ಕು ಕಂಡ ಕೂಡಲೇ ಕೈ ಬೀಸಿದರು. ಗುಂಪಿನಿಂದ ಒಂದು ಸಣ್ಣ ಹುಡುಗಿ ಬಗ್ಗಿ ಹಗ್ಗದ ಕೆಳಗೆ ತಲೆ ಹಾಕಿತು. ಒಬ್ಬ ಹೆಂಗಸು ಓಡಿ ಬಂದು ಅದರ ಲಂಗ ಹಿಡಿದು ಹಿಂದಕ್ಕೆ ಎಳೆದಳು. ಹುಡುಗಿ ನೆಲಕ್ಕೆ ಕೂತು ಅತ್ತಿತು. ಅಳು ಕೇಳಿಸುತ್ತಿರಲಿಲ್ಲ, ಬಾಯಿ ಮಾತ್ರ ಕಾಣುತ್ತಿತ್ತು.

"ಅದ ಏನು ಆ ಹುಲಿಗೆವ್ವ?"

"ಹೌದ್ರಿ."

ಬಂಡೆ ಸಿಡಿಯಿತು. ನೆಲ ನಡುಗಿತು. ಸಣ್ಣ ಕಲ್ಲುಗಳು ರಸ್ತೆಯ ಮೇಲೆ, ಹುಡುಗಿ ಓಡಿ ಬರಬೇಕಿದ್ದ ಜಾಗದಲ್ಲಿ, ಪಟಪಟ ಬಿದ್ದವು. ಆಮೇಲೆ ಧೂಳು ಬಂದು ಎಲ್ಲವನ್ನೂ ಮುಚ್ಚಿತು.

ಅಜ್ಜ ಗಾಜು ಏರಿಸಿದರು.

"ಏರಿನ್ಯಾಗ ಗಾಡಿ ಎಲ್ಲೆರ ನಿಂತೇನು, ದುರಗಪ್ಪ?"

"ಇಲ್ರಿ."

"ಸೋತೇನು?"

"ಇಲ್ರಿ."

"ಮತ್ತ ತಡಾ ಎಲ್ಲಾತು?"

ದುರಗಪ್ಪ ಸ್ಟೇರಿಂಗ್ ಹಿಡಿದು ಧೂಳು ನೋಡಿದ.

"ನಿನ್ನ ಕೇಳಾಕತ್ತೀನಿ."

"ಗೊತ್ತಿಲ್ರಿ."

"ಗೊತ್ತೈತಿ ನಿನಗ. ನಾ ಎಡಿ ಹಿಡಿದಾಗ ಅಡಗಿ ಆಗಿ ಎಷ್ಟೊತ್ತಾಗಿತ್ತು?"

"ಬಾಳೊತ್ತಾಗಿತ್ರಿ."

"ದಿನಾ ಹಿಂಗ?"

ಅವನು ಕೊನೆಗೆ ಹೇಳಿದ.

"ನಿಮ್ಮ ಮೊಣಕಾಲು ಹಿಡಕೊಂಡಾಗಿಂದ್ರಿ."

ಹೊರಗೆ ಕಾವಲಿನವ ಕೆಮ್ಮುತ್ತಿದ್ದ.

"ಯಾಕ ಹೇಳ್ಲಿಲ್ಲ?"

"ಹೆಂಗ ಹೇಳ್ಲಿ ಅಜ್ಜಾರ? ಲಗೂ ಮುಗಸ್ರಿ ಅನ್ಲಿ? ಪೂಜಿ ಬಿಟ್ಟು ಏಳ್ರಿ ಅನ್ಲಿ? ನನಗ ತುತ್ತು ಹಾಕಿದ ಕೈ ಅದು. ಆ ಕೈ ನಡುಗತೈತಿ ಅಂತ ನಾ ಹೆಂಗ ಅನ್ಲಿ? ಗಾಡಿಗೆ ಅನ್ನಬೌದು. ಗಾಡಿಗೆ ಬ್ಯಾಸರ ಆಗಂಗಿಲ್ಲ."

ಅವನು ಅಳುತ್ತಿದ್ದ. ಅಷ್ಟು ದೊಡ್ಡ ಗಂಡಸು ತೋಳಿನಿಂದ ಮೂಗು ಒರೆಸಿಕೊಂಡ.

ಅಜ್ಜನಿಗೆ ನೋವಾಯಿತು. ಆಗಲಿಲ್ಲ ಎಂದು ನಾನು ಹೇಳಲಾರೆ. ಮುಪ್ಪು ಬಂದಿದೆ ಎಂದು ತಮಗೆ ತಾವೇ ಹೇಳಿಕೊಳ್ಳುವುದು ಬೇರೆ, ಮಗನಂಥವನ ಬಾಯಿಂದ ಕೇಳುವುದು ಬೇರೆ.

"ನಾ ಮುದುಕ ಆಗೀನಿ ಅನ್ನೋ ಒಂದ ಮಾತು ನುಂಗಿ, ನೀ ಆ ಗಾಡಿ ಕೊಯ್ಯಾಕ ಹೊಂಟಿದ್ದಿ."

"ತಪ್ಪಾತ್ರಿ."

"ನಿಂದಷ್ಟ ಅಲ್ಲ. ನಾ ಇಷ್ಟು ದಿನ ಕಣ್ಣು ಮುಚ್ಚಿ ಕುಂತೆ, ಇಲ್ಲಿ ಹುಡುಗಿ ಓಡಿ ಬಂತು."

ಅವರು ತೊಡೆಯ ಮೇಲಿನ ಡಬ್ಬಿಯನ್ನು ಅವನ ಕೈಗೆ ಕೊಟ್ಟರು.

"ಇದನ್ನ ಇಮಾಮಸಾಬಗ ತಿರುಗಿ ಕೊಡು. ಗಾಡಿ ಮಾಡಿದೋರು ಅದಕ್ಕ ಎಷ್ಟು ಗಾಳಿ ಬೇಕೋ ಅಷ್ಟು ಇಟ್ಟಾರ, ಧೂಳು ಹೋಗಲಾರದಂಗ ಬಾಗಲಾನೂ ಇಟ್ಟಾರ. ಕೆಟ್ರ ನಾವು ನೋಡ್ತೀವಿ ಅಂತ ಮಾತೂ ಕೊಟ್ಟಾರ. ಆ ಮಾತು ಮುರಿಯೋರು ನಾವಾಗೋದು ಬ್ಯಾಡ."

"ಆತ್ರಿ."

"ಗಾಡ್ಯಾಗ ಇದ್ದ ಫಿಲ್ಟರ್ ಆಗಾಗ ತಗದು ನೋಡ್ತೀಯೋ ಇಲ್ಲೋ?"

ದುರಗಪ್ಪ ತಲೆ ತಗ್ಗಿಸಿದ. "ಇವತ್ತ ನೋಡ್ತೀನ್ರಿ."

ಹಗ್ಗ ಬಿಚ್ಚಿದರು. ಟ್ರಕ್ಕು ಮೇಲೆ ಹೋಯಿತು. ಬಿಡುವು ಮುಗಿದ ಸೀಟಿ ಆಗಲೇ ಕೂಗಿತ್ತು. ಕೆಲವರು ರೊಟ್ಟಿ ಸುತ್ತಿಕೊಂಡು ಕೈಯಲ್ಲೇ ಹಿಡಿದು ಹೋದರು, ಕೆಲವರು ಅದಕ್ಕೂ ನಿಲ್ಲಲಿಲ್ಲ. ಅಜ್ಜ ಸೌಟು ಹಿಡಿದು ಮಕ್ಕಳಿಗೆ ತಾವೇ ಬಡಿಸಿದರು. ಸಾರು ತಣ್ಣಗಾಗಿತ್ತು. ಹುಲಿಗೆವ್ವ ಎರಡು ಸಲ ಹಾಕಿಸಿಕೊಂಡಳು. ಅಜ್ಜ ಅವಳ ಪಕ್ಕ ನೆಲದ ಮೇಲೆ ಕೂತು, ತಟ್ಟೆ ಖಾಲಿಯಾಗುವ ತನಕ ಏಳಲಿಲ್ಲ.

ಮರುದಿನ ಬೆಳಿಗ್ಗೆ ನೀಲವ್ವ ಬೋಗುಣಿ ಇಳಿಸಿದಳು. ದುರಗಪ್ಪ ಏರಿಸಿ, ಹಗ್ಗ ಬಿಗಿದು, ಎಂದಿನಂತೆ ಚಕ್ರದ ಪಕ್ಕ ಕೂರಲು ಹೋದ.

ಅಜ್ಜ ಪೂಜೆಯ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಸ್ನಾನವಾಗಿತ್ತು, ಪೂಜೆ ಇನ್ನೂ ಶುರುವಾಗಿರಲಿಲ್ಲ.

"ಕುಂದರಬ್ಯಾಡ. ಗಾಡಿ ಚಾಲೂ ಮಾಡು."

ದುರಗಪ್ಪ ಕೀಲಿಕೈ ಹಿಡಿದು ನಿಂತಲ್ಲೇ ನಿಂತ. "ಎಡಿ ಆಗಿಲ್ರಿ."

"ನನಗ ಗೊತ್ತೈತಿ."

ನೀಲವ್ವ ಎಡೆಯ ತಟ್ಟೆ ಹಿಡಿದು ಅಂಗಳಕ್ಕೆ ಬಂದಳು.

"ಎಪ್ಪಾ, ಏನ ಮಾಡಾಕತ್ತೀರಿ? ಗದ್ದಿಗಿಗೆ ಮೊದಲಿನ ಎಡಿ ಹಿಡೀಲಾರದ ಈ ಬಾಗಲಾ ದಾಟಿ ಅನ್ನ ಹೋಗಿಲ್ಲ. ನಮ್ಮ ಅತ್ತಿ ಕಾಲದಾಗೂ ಹೋಗಿಲ್ಲ. ಗುರುಗಳನ್ನ ಉಪಾಸ ಕೆಡವಿ ಕಳಸ್ತೀರೇನು?"

"ಇಲ್ಲವ್ವ. ಅವರಿಗೆ ನಾ ಎಡಿ ತಪ್ಪಸಂಗಿಲ್ಲ."

"ಮತ್ತ ಈಗ ಹಿಡೀರಲ್ಲ. ನಾ ಕೈ ಹಿಡಿದು ಮೆಟ್ಟಲಾ ಹತ್ತಸ್ತೀನಿ. ಇವತ್ತ ಲಗೂ ಆಗತೈತಿ."

"ಇವತ್ತ ಆಗಬೌದು. ನಾಳೆ ನನ್ನ ಕಾಲು ಮತ್ತ ನಿಂದ್ರತಾವ. ನಾಳೆ ಮತ್ತ ಆ ಕೂಸು ಹಗ್ಗದ ಬುಡಕ ನುಸುಳತೈತಿ."

"ಭಕ್ತರು ಕೇಳಿದ್ರ ಏನ ಹೇಳೋಣ್ರಿ?"

"ನನ್ನ ಕಡೆ ಕಳಸು."

ಗಾಡಿ ಕೊಯ್ಯಲು ಹೊರಟಾಗ ದುರಗಪ್ಪನಿಗಿದ್ದ ಧೈರ್ಯ ಈಗ ಬರಲೊಲ್ಲದು.

"ಅಜ್ಜಾರ, ನನ್ನ ಸಲುವಾಗಿ ಪದ್ಧತಿ ಮುರಿಬ್ಯಾಡ್ರಿ. ಗುರುಗಳು ಮುನಿದಾರು."

ಅಜ್ಜ ಮೆಲ್ಲಗೆ ಅಂಗಳ ದಾಟಿ ಬಂದರು. ನೀಲವ್ವನ ಕೈಯಿಂದ ಎಡೆಯ ತಟ್ಟೆ ತೆಗೆದುಕೊಂಡರು. ಅದರಲ್ಲಿದ್ದ ಅನ್ನವನ್ನು ತಿರುಗಿ ಬೋಗುಣಿಗೆ ಹಾಕಿ, ಮುಚ್ಚಳ ಮುಚ್ಚಿ, ಹಗ್ಗ ಬಿಗಿಯಲು ದುರಗಪ್ಪನಿಗೆ ಕಣ್ಣಿನಲ್ಲೇ ಹೇಳಿದರು. ಖಾಲಿ ತಟ್ಟೆಯನ್ನು ಅವನ ಸೀಟಿನ ಮೇಲಿಟ್ಟರು.

"ಹೊಂಡು. ಮಕ್ಕಳು ಉಂಡ ಮ್ಯಾಲ ಬೋಗುಣಿ ತಳದಾಗ ಏನ ಉಳಿತೈತಿ, ಈ ತಟ್ಟ್ಯಾಗ ಹಾಕ್ಕೊಂಡು ಬಾ. ನಾ ಅದನ್ನ ಎಡಿ ಹಿಡಿತೀನಿ."